ಚಿಕ್ಕಹನುಮಂತಪ್ಪ ಲೋಟ ತೊಳೆಯಲಿಲ್ಲ

ಚಿಕ್ಕಹನುಮಂತಪ್ಪನಿಗೆ ನಾಲಿಗೆ ಚಪಲ ಅಂತ ಕೇರಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಆಳು ಅವನು. ಬೆನ್ನ ಮೇಲೆ ಮೂಟೆ ಇದ್ದರೂ ಮೂಗು ಮಾತ್ರ ಯಾರ ಮನೆಯಲ್ಲಿ ಒಗ್ಗರಣೆ ಬಿತ್ತು, ಯಾರ ಮನೆಯ ಸಾರು ತಳ ಹಿಡಿಯಿತು ಅನ್ನುವುದರ ಹಿಂದೆಯೇ ಹೋಗುತ್ತಿತ್ತು. ಹೆಂಡತಿ ಹೊನ್ನೂರಮ್ಮ ಜಗಳೂರು ಕಡೆಯ ಸೊಕ್ಕೆಯವಳು. ಅವಳು ಮಾಡಿದ ಹುರುಳಿ ಸಾರನ್ನು ಚಪ್ಪರಿಸಿ, "ಬೆಳ್ಳುಳ್ಳಿ ಸುಟ್ಟು ಹಾಕಿದ್ರೆ ಇನ್ನಾ ಚೆನ್ನಾಗಿರ್ತಿತ್ತು" ಅಂತ ಅವನು ಅಂದರೆ, ಅವಳು ಸೌಟು ಎತ್ತಿ ತೋರಿಸುತ್ತಿದ್ದಳು. "ಬಾಯಿ ಮುಚ್ಕೊಂಡು ಉಣ್ಣು. ನಿಮ್ಮಪ್ಪ ಏನು ಅರಮನೆ ಕಟ್ಟಿಸಿ ಹೋಗವ್ನಾ?"

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು ಇದು. ಆಗ ಚನ್ನಗಿರಿಯಲ್ಲಿ ದೋಸೆ ಅಂದರೆ ತಿಪ್ಪೇರುದ್ರಸ್ವಾಮಿಯ ಹೋಟೆಲಿನ ದೋಸೆ. ಗಲ್ಲಾದಲ್ಲಿ ಕೂರುತ್ತಿದ್ದವನು ಸ್ವಾಮಿ, ಒಳಗೆ ಹೊಗೆಯಲ್ಲಿ ಬೇಯುತ್ತ ದೋಸೆ ಹೊಯ್ಯುತ್ತಿದ್ದವಳು ಅವನ ಹೆಂಡತಿ ಕರಿಬಸಮ್ಮ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೊಂದು ಚೂರು ಬೆಣ್ಣೆ. ಆ ವಾಸನೆ ಬಂದರೆ ಸಾಕು, ಚಿಕ್ಕಹನುಮಂತಪ್ಪನ ಕಾಲು ತಾನಾಗಿಯೇ ಅತ್ತ ತಿರುಗುತ್ತಿತ್ತು. ತಿರುಗಿ ಏನು ಬಂತು? ಒಳಗಿನ ಬೆಂಚು ಮೇಲ್ಜಾತಿಯವರಿಗೆ, ಅವರಿಗೆ ಹಿತ್ತಾಳೆ ಲೋಟ. ಜಗಲಿಯ ಬೆಂಚು ಸಾಬರಿಗೆ. ಅವರ ಗಾಜಿನ ಲೋಟಗಳು ಗೋಡೆಯ ಗೂಡಿನಲ್ಲಿರುತ್ತಿದ್ದವು, ಕುಡಿದ ಮೇಲೆ ತಾವೇ ತೊಳೆದು ಗೂಡಿಗೆ ಇಡಬೇಕು. ಊರು ಮುಟ್ಟದೆ ದೂರ ಇಟ್ಟಿದ್ದ ಕೇರಿಯವರಿಗೆ ಅಂಗಳ. ಅಲ್ಲಿನ ಹುಣಸೆಮರಕ್ಕೆ ಸಾಲಾಗಿ ಮೊಳೆ ಹೊಡೆದು ತಗಡಿನ ಲೋಟಗಳನ್ನು ಸಿಗಿಸಿದ್ದರು. ಲೋಟ ತೆಗೆದು ಹಿಡಿದರೆ ಜಗಲಿ ಮೇಲಿಂದ ಕಾಫಿ ಸುರಿಯುತ್ತಿದ್ದರು, ಮುತ್ತುಗದ ಎಲೆ ಚಾಚಿದರೆ ದೋಸೆ ಎಸೆಯುತ್ತಿದ್ದರು. ತಿಂದು, ಲೋಟ ತೊಳೆದು, ಮತ್ತೆ ಮೊಳೆಗೆ ಸಿಗಿಸಿ ಹೋಗಬೇಕು.

ಒಂದು ದಿನ ಚಿಕ್ಕಹನುಮಂತಪ್ಪ ಬಾಯಿ ತಡೆಯಲಾಗದೆ ಅಂದುಬಿಟ್ಟ. "ಸ್ವಾಮ್ಯಾರೆ, ಚಟ್ನಿಗೆ ಉಪ್ಪು ಕಮ್ಮಿ ಆಗೈತೆ."

ಒಳಗಿದ್ದವರ ಕೈ ತಟ್ಟೆಯಲ್ಲೇ ನಿಂತಿತು. ಸ್ವಾಮಿ ಗಲ್ಲಾದಿಂದ ಎದ್ದು ಬಂದ. "ಅಂಗಳದಾಗೆ ನಿಂತು ತಿನ್ನೋರು ರುಚಿ ಹೇಳಾಕೆ ಬರಬಾರದು. ಬಿದ್ದಿದ್ದು ತಿನ್ನು, ಲೋಟ ತೊಳ್ದು ಸಿಗಿಸು, ನಡಿ."

ಒಳಗಿನವರು ನಕ್ಕರು. ಜಗಲಿಯ ಬೆಂಚಿನಲ್ಲಿದ್ದ ಅಡಿಕೆ ವ್ಯಾಪಾರಿ ಬಡೇಸಾಬ ನಗಲಿಲ್ಲ, ತನ್ನ ಲೋಟದೊಳಗೆ ನೋಡುತ್ತ ಕೂತ. ಚಿಕ್ಕಹನುಮಂತಪ್ಪ ಲೋಟ ತೊಳೆದು ಸಿಗಿಸಿ ಮಂಡಿಗೆ ಹೋದ. ಹೊಡೆದಿದ್ದರೆ ಮರೆಯುತ್ತಿದ್ದನೇನೋ. ನಾಲಿಗೆಯ ಮೇಲೆಯೇ ಕೈ ಇಟ್ಟಿದ್ದರಲ್ಲ, ಅದು ಅವನಿಗೆ ಉರಿಯಿತು.

ಬಡೇಸಾಬ ಹೊನ್ನಾಳಿ, ನ್ಯಾಮತಿ ಕಡೆಯ ತೋಟಗಳಿಂದ ಅಡಿಕೆ ಕೊಂಡು ಬೊಂಬಾಯಿಗೆ ಸಾಗಿಸುತ್ತಿದ್ದ. ದಾವಣಗೆರೆಯಲ್ಲಿ ರೈಲು ಹತ್ತಿ ತಾನೂ ಜೊತೆಗೆ ಹೋಗುವುದು ರೂಢಿ. ಆ ವರ್ಷ ಮೂಟೆ ಕಾಯಲು ಚಿಕ್ಕಹನುಮಂತಪ್ಪನನ್ನು ಕರೆದ. ಆದರೆ ಮೂಟೆ ಬರೀ ನೆಪ.

"ನನ್ನ ಹೊಟ್ಟೆ ಕೆಟ್ಟು ಕೂತೈತೆ ಚಿಕ್ಕಣ್ಣ" ಅಂದ ಬಡೇಸಾಬ. "ಹಕೀಮರು ಖಾರ ಮುಟ್ಟಬ್ಯಾಡ, ಎಣ್ಣೆ ಮುಟ್ಟಬ್ಯಾಡ ಅಂದವ್ರೆ. ಬೊಂಬಾಯಿಲಿ ಎಂಥೆಂಥ ಹೋಟ್ಲು ಅವೆ ಗೊತ್ತಾ? ನೀನು ನನ್ನೆದುರಿಗೆ ಕೂತು ತಿನ್ನು, ಹೆಂಗೈತೆ ಹೇಳು. ಕೇಳಿದ್ರೆ ನನಗೆ ತಿಂದಂಗೆ ಆಗತೈತೆ."

"ಎದುರಿಗೆ ಕೂತಾ?" ಅಂತ ಚಿಕ್ಕಹನುಮಂತಪ್ಪ ಕೇಳಿದ. ಬಡೇಸಾಬನಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ.

ಬೊಂಬಾಯಿಯಲ್ಲಿ ಮೊದಲು ಹೋಗಿದ್ದು ಮೂಲೆಯ ಒಂದು ಇರಾನಿ ಹೋಟೆಲಿಗೆ. ಹಾಲುಗಲ್ಲಿನ ಮೇಜು, ಗೋಡೆ ತುಂಬ ಕನ್ನಡಿ. ಬಡೇಸಾಬ ಒಳಗೆ ಹೋಗಿ ಕುರ್ಚಿ ಎಳೆದು ಹಿಂದೆ ತಿರುಗಿದರೆ ಚಿಕ್ಕಹನುಮಂತಪ್ಪ ಕಾಣಲಿಲ್ಲ. ಅವನು ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಬೊಗಸೆ ಹಿಡಿದಿದ್ದ. ಗಲ್ಲಾದಲ್ಲಿದ್ದ ಇರಾನಿ, "ದಾರಿ ಬಿಡಪ್ಪ, ಒಳಗೆ ಕುರ್ಚಿ ಖಾಲಿ ಇದೆಯಲ್ಲ" ಅಂತ ಹಿಂದೂಸ್ತಾನಿಯಲ್ಲಿ ರೇಗಿದ. ಹೀಗೆ ಬೈದು ಒಳಗೆ ಕೂರಿಸುವವನನ್ನು ಚಿಕ್ಕಹನುಮಂತಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಚಹಾ ಬಂತು, ಬೆಣ್ಣೆ ಮೆತ್ತಿದ ಬನ್ನು ಬಂತು. ತಿಂದ. ಎದ್ದು ಕಪ್ಪು ಬಸಿ ಎರಡನ್ನೂ ಕೈಯಲ್ಲಿ ಹಿಡಿದು, ಜನ ಕೈ ತೊಳೆಯುತ್ತಿದ್ದ ನಲ್ಲಿಗೆ ಹೋಗಿ ಚೆನ್ನಾಗಿ ಉಜ್ಜಿ ತೊಳೆದ. ತೊಳೆದು, ಸಿಗಿಸಲು ಮೊಳೆ ಎಲ್ಲಿದೆ ಅಂತ ಗೋಡೆಯುದ್ದಕ್ಕೂ ಹುಡುಕುತ್ತ ನಿಂತ. ಮುದಿ ಮಾಣಿಯೊಬ್ಬ ಓಡಿ ಬಂದು ಕಸಿದುಕೊಂಡು ಏನೋ ಅಂದ.

"ಏನಂತೆ ಸಾಬ್ರೆ?"

"ನನ್ನ ಕೆಲಸಕ್ಕೆ ಯಾಕೆ ಕೈ ಹಾಕ್ತೀಯ ಅಂತವ್ನೆ. ಸುಮ್ನೆ ಬಂದು ಕೂತ್ಕೊ, ಮಾನ ಕಳೀಬ್ಯಾಡ."

ಮಾಣಿ ಆ ಕಪ್ಪನ್ನು ನೀರಿನ ತೊಟ್ಟಿಗೆ ಹಾಕಿದ. ಅಲ್ಲಿ ಅಂಥವೇ ರಾಶಿ ಕಪ್ಪುಗಳಿದ್ದವು. ಜಾಲಾಡಿ ಎತ್ತಿದ, ಒರೆಸಿದ, ಚಹಾ ತುಂಬಿ ಬೇರೆಯವರ ಮುಂದೆ ಇಟ್ಟ. ಟೊಪ್ಪಿಗೆಯವನೊಬ್ಬ, ಜನಿವಾರ ಕಾಣುತ್ತಿದ್ದವನೊಬ್ಬ, ಕೋಟು ತೊಟ್ಟ ಪಾರ್ಸಿಯೊಬ್ಬ. ಚಿಕ್ಕಹನುಮಂತಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಅವುಗಳಲ್ಲಿ ತನ್ನದು ಯಾವುದು ಅಂತ ಗುರುತು ಸಿಗಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನ ಹಮಾಲನೊಬ್ಬ, ಮೂಟೆ ಹೊರುವವನೇ, ಚಹಾ ಆರಿದೆ ಅಂತ ಗದರಿ ವಾಪಸು ಕಳಿಸಿದ. ಮಾಣಿ ಮರುಮಾತಿಲ್ಲದೆ ಬೇರೆ ತಂದಿಟ್ಟ. ಚಿಕ್ಕಹನುಮಂತಪ್ಪ ಆ ಹಮಾಲನನ್ನೇ ನೋಡುತ್ತ ಕೂತ.

ಆಮೇಲೆ ಪ್ರತಿ ವರ್ಷ ಅಡಿಕೆಯ ಜೊತೆ ಅವನೂ ಹೋದ. ಮೂಟೆ ಇಳಿಸಿದ್ದೇ ತಡ, ಇಬ್ಬರೂ ಹೋಟೆಲು ಹುಡುಕುತ್ತ ಬೀದಿ ಸುತ್ತುತ್ತಿದ್ದರು. ಚಿಕ್ಕಹನುಮಂತಪ್ಪನಿಗೆ ಬೋರ್ಡು ಓದಲು ಬರುತ್ತಿರಲಿಲ್ಲ. ಅದರಿಂದ ಏನೂ ನಷ್ಟವಾಗಲಿಲ್ಲ, ಬೋರ್ಡು ಎಲ್ಲರೂ ಚಂದವಾಗಿಯೇ ಬರೆಸಿರುತ್ತಾರೆ. ಎದುರಿಗೆ ನಿಂತು, ಉಂಡು ಹೊರಗೆ ಬರುವವರ ಮುಖ ನೋಡುತ್ತಿದ್ದ. ಬಾಯಿ ಒರೆಸಿಕೊಂಡು ಸರಸರ ನಡೆದರೆ ಆ ಜಾಗ ಬೇಡ. ಹೊರಗೆ ಬಂದವರು ಎಲ್ಲಿಗೆ ಹೋಗಬೇಕಿತ್ತು ಅನ್ನುವುದೇ ಮರೆತು ಒಂದು ಗಳಿಗೆ ನಿಂತರೆ, "ಇದೇ ಸಾಬ್ರೆ, ಬರ್ರಿ" ಅನ್ನುತ್ತಿದ್ದ. ಹಾಗೆ ಭೇಂಡಿಬಜಾರಿನಲ್ಲಿ ಕಾಲು ಸೂಪಿನ ಅಂಗಡಿ ಸಿಕ್ಕಿತು. ಗಿರಣಿಗಳ ಕಡೆ ಕೊಂಕಣದ ಹೆಂಗಸೊಬ್ಬಳ ಖಾನಾವಳಿ ಸಿಕ್ಕಿತು, ಅಲ್ಲಿನ ಮೀನು ಸಾರಿಗೆ ಕೋಕಂ ಹುಳಿ. ಅವನು ಉಣ್ಣುವುದನ್ನು ಬಡೇಸಾಬ ಗಂಜಿ ಕುಡಿಯುತ್ತ ನೋಡುತ್ತಿದ್ದ. "ಹುಳಿ ನಾಲಿಗೆ ಮುಂದೆ ಬರಲ್ಲ ಸಾಬ್ರೆ, ನುಂಗಿದ ಮ್ಯಾಲೆ ಬರತೈತೆ" ಅಂದರೆ ಸಾಬನೂ ಎಂಜಲು ನುಂಗುತ್ತಿದ್ದ.

ಬೊಂಬಾಯಿಯೆಲ್ಲ ಒಂದೇ ಥರ ಅಂತ ತಿಳಿಯಬೇಡಿ. ಒಮ್ಮೆ ಗಿರಗಾಂವದ ಒಂದು ಖಾನಾವಳಿಯಿಂದ ತೊವ್ವೆಗೆ ಇಂಗಿನ ಒಗ್ಗರಣೆ ಹಾಕಿದ ವಾಸನೆ ಬಂತು. ಹೊರಗೆ ಬಂದವರೆಲ್ಲ ನಿಲ್ಲುತ್ತಿದ್ದರು. ಸಾಬರನ್ನು ಅಲ್ಲಿ ಸೇರಿಸುತ್ತಿರಲಿಲ್ಲ. "ನೀನು ಹೋಗು, ಕೇಳಿದ್ರೆ ಒಕ್ಕಲಿಗ ಅನ್ನು. ಇಲ್ಲಿ ಯಾರಿಗೆ ಗೊತ್ತಾಗತೈತೆ?" ಅಂತ ಬಡೇಸಾಬ ಹೇಳಿಕೊಟ್ಟ. ಬಾಗಿಲಲ್ಲೇ ಜಾತಿ ಕೇಳಿದರು. ಚಿಕ್ಕಹನುಮಂತಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಹೊರಗೆ ಕಳಿಸಿದರು.

"ಹುಚ್ಚ, ಒಂದು ಸುಳ್ಳು ಹೇಳಾಕೆ ಏನಾಗಿತ್ತು?"

"ಸುಳ್ಳು ಹೇಳಿ ಉಂಡ್ರೆ ಉಂಡೋನು ನಾನಾಗಲ್ಲ ಸಾಬ್ರೆ, ಆ ಒಕ್ಕಲಿಗ ಆಗ್ತಾನೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ. "ಇಲ್ಲಿ ಎಷ್ಟು ತಿಂದ್ರೂ ಪರ ಊರಿನ ಊಟ. ನಾನು ನಮ್ಮೂರ ದೋಸೆ ಒಳಗೆ ಕೂತು ತಿನ್ಬೇಕು. ಉಪ್ಪು ಕಮ್ಮಿ ಇದ್ರೆ ಕಮ್ಮಿ ಅನ್ಬೇಕು."

"ತಲೆ ಕೆಟ್ಟೈತಾ ನಿಂಗೆ? ಅದು ಸ್ವಾಮಿ ಹೋಟ್ಲು, ಇರಾನಿ ಹೋಟ್ಲಲ್ಲ."

"ದುಡ್ಡು ಎರಡು ಕಡೆನೂ ಅದೇ ಅಲ್ವಾ?"

ಊರಿಗೆ ಬಂದರು. ಯುದ್ಧ ಜೋರಾಗಿತ್ತು, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಮರುದಿನ ಬೆಳಿಗ್ಗೆ ಚಿಕ್ಕಹನುಮಂತಪ್ಪ ಹುಣಸೆಮರದ ಲೋಟ ತೆಗೆದು ಕಾಫಿ ಹಾಕಿಸಿಕೊಂಡ. ಕುಡಿದ. ಲೋಟವನ್ನು ತೊಳೆಯದೆ ಜಗಲಿಯ ಅಂಚಿನ ಮೇಲೆ ಇಟ್ಟ.

"ಏಯ್, ಲೋಟ ತೊಳಿ" ಅಂದ ಸ್ವಾಮಿ.

"ಕಾಫಿ ಮಾರೋರು ತೊಳೀತಾರೆ ಸ್ವಾಮ್ಯಾರೆ. ಬೊಂಬಾಯಿಲಿ ಅದೇ ರಿವಾಜು. ನನಗೂ ಅದೇ ಅಭ್ಯಾಸ ಆಗೋಗೈತೆ." ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ.

ಈಗ ಲೋಟಕ್ಕೆ ಏನು ಮಾಡಬೇಕು ಹೇಳಿ. ಸ್ವಾಮಿ ಮುಟ್ಟುವ ಹಾಗಿಲ್ಲ, ಮಾಣಿ ಮುಟ್ಟುವ ಹಾಗಿಲ್ಲ, ಗಿರಾಕಿಗಳು ಮುಟ್ಟುವ ಹಾಗಿಲ್ಲ. ಬೀದಿ ಗುಡಿಸುವ ಗಿಡ್ಡಮ್ಮನಿಗೆ ತೆಗೆಯಲು ಹೇಳಿದರೆ, "ನನಗೆ ಸೊಂಟ ನೋವು" ಅಂತ ನೆಟ್ಟಗೆ ನಿಂತುಕೊಂಡೇ ಹೇಳಿ ಹೋದಳು. ಮಾರನೆಯ ದಿನ ಕೇರಿಯ ಇನ್ನಿಬ್ಬರು ತಮ್ಮ ಲೋಟವನ್ನೂ ಅದರ ಪಕ್ಕ ಇಟ್ಟರು. ವಾರ ಕಳೆಯುವುದರೊಳಗೆ ಮರದ ಮೊಳೆಗಳೆಲ್ಲ ಖಾಲಿ, ಜಗಲಿಯ ಅಂಚಿನುದ್ದಕ್ಕೂ ತಗಡಿನ ಲೋಟ, ಒಂದೊಂದಕ್ಕೂ ಇರುವೆ, ನೊಣ. ಒಳಗೆ ಹೋಗುವವರು ಪಂಚೆ ಎತ್ತಿ ಹಿಡಿದು, ಅವುಗಳನ್ನು ಸೋಕದೆ ಮೈ ಹಿಂಡಿಕೊಂಡು ಹೋಗಬೇಕಾಯಿತು. ಕೇರಿಗೆ ಕಾಫಿ ಬಂದ್ ಅಂತ ಸ್ವಾಮಿ ಸಾರಿದ. ಲೋಟಗಳು ಹಾಗೇ ಇದ್ದವು.

ಆಮೇಲೆ ಸ್ವಾಮಿ ಮಂಡಿಗೆ ಹೇಳಿ ಕಳಿಸಿದ. ಇವನನ್ನು ಕೆಲಸದಿಂದ ತೆಗೆಯದಿದ್ದರೆ ಬಡೇಸಾಬನಿಗೆ ಯಾರೂ ಅಡಿಕೆ ಕೊಡುವುದಿಲ್ಲ ಅಂತ ದೊಡ್ಡವರು ಮಾತಾಡಿಕೊಂಡರು. ಸುದ್ದಿ ಕೇರಿಗೆ ಬಂತು. ಚಿಕ್ಕಹನುಮಂತಪ್ಪನಿಗೆ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಅನ್ನ ಸೇರಲಿಲ್ಲ. ತಟ್ಟೆ ಮುಂದೆ ಕೈ ಕಟ್ಟಿ ಕೂತು, "ಹೋಗಿ ತೊಳೆದು ಬಂದುಬಿಡ್ಲಾ?" ಅಂತ ಹೆಂಡತಿಯನ್ನು ಕೇಳಿದ.

ಹೊನ್ನೂರಮ್ಮ ಸೌಟು ಎತ್ತಲಿಲ್ಲ. "ಕೆಲಸ ಹೋದ್ರೆ ಸೊಕ್ಕೆಗೆ ಹೋಗಿ ಕೂಲಿ ಮಾಡಾನ. ಆ ಲೋಟ ಮಾತ್ರ ನೀನು ತೊಳೆದ್ಯೋ, ಇವತ್ತಿಗೆ ನನ್ನ ಕೈ ಸಾರು ನಿನಗೆ ಮುಗೀತು ಅಂತ ತಿಳ್ಕೊ" ಅಂದಳು. ಆ ಮೇಲೆ ಅವನು ಉಂಡ. ಸಾರಿಗೆ ಬೆಳ್ಳುಳ್ಳಿ ಸುಟ್ಟು ಹಾಕಿದ್ದಳು.

ಬೆಳಿಗ್ಗೆ ಸಂತೆ. ಚಿಕ್ಕಹನುಮಂತಪ್ಪ ಹೋಗಿ ಖಾಲಿ ಮರದ ಕೆಳಗೆ ನಿಂತ. ಬಡೇಸಾಬ ಬಂದ. ಅವನ ಕಡೆ ನೋಡದೆ ಜಗಲಿಯ ಬೆಂಚಿನಲ್ಲಿ ಕೂತು, ಗೂಡಿನಿಂದ ಲೋಟ ತೆಗೆದು ಕಾಫಿ ಹಾಕಿಸಿಕೊಂಡು ಕುಡಿದ. ಎದ್ದ. ಕೈ ರೂಢಿಯಂತೆ ನೀರಿನ ತಂಬಿಗೆಯ ಕಡೆ ಹೋಯಿತು, ಅಲ್ಲೇ ನಿಂತಿತು. ಊರಿಗೆಲ್ಲ ಸಾಹುಕಾರ, ಹಜ್‌ಗೆ ಹೋಗುವಷ್ಟು ಇದ್ದವನು, ಗಡ್ಡ ನೆರೆಯುವ ತನಕ ದುಡ್ಡು ಕೊಟ್ಟು ಕುಡಿದ ಲೋಟವನ್ನು ತಾನೇ ತೊಳೆದು ಗೂಡಿಗೆ ಇಟ್ಟಿದ್ದ. ಅದು ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಬಿತ್ತು. ಮುಖ ಕೆಂಪಾಯಿತು. ಲೋಟವನ್ನು ತೊಳೆಯದೆ ತಗಡಿನ ಲೋಟಗಳ ಸಾಲಿಗೆ ಸೇರಿಸಿ ಇಟ್ಟ.

"ಸಾಬ್ರೆ, ಲೋಟ" ಅಂದ ಸ್ವಾಮಿ.

"ಹೌದ್ರೀ, ಲೋಟ. ಅಡಿಕೆ ಕೊಡೋರು ಕೊಡ್ಲಿ, ಬಿಡೋರು ಬಿಡ್ಲಿ. ಅವನು ನನ್ನ ಆಳು, ನನ್ನ ಜೊತೆಗೇ ಇರ್ತಾನೆ."

ಬೆಂಚಿನಲ್ಲಿದ್ದ ಉಳಿದ ಸಾಬರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಸಂತೆಯ ಅರ್ಧ ವ್ಯಾಪಾರ ಅವರದ್ದು. ಗೂಡು ಬರಿದಾಯಿತು, ಸಾಲು ಬಾಗಿಲ ತನಕ ಬಂತು, ಬಂದ ಗಿರಾಕಿಗಳು ನೋಡಿ ನೋಡಿ ತಿರುಗಿ ಹೋದರು. ಆಗ ಒಳಗಿಂದ ಕರಿಬಸಮ್ಮ ಬುಟ್ಟಿ ಹಿಡಿದು ಬಂದಳು, ಬೆವರು ಇಳಿಯುತ್ತಿತ್ತು, ಕಣ್ಣು ಹೊಗೆಗೆ ಕೆಂಪಾಗಿದ್ದವು.

"ನಿಮ್ಮ ಹಟಕ್ಕೆ ನಾನು ದಿನಾ ಹಿಟ್ಟು ಚೆಲ್ಲಾಕೆ ಆಗಲ್ಲ" ಅಂತ ಗಂಡನಿಗೆ ಅಂದಳು. ತಗಡು, ಗಾಜು ಎಲ್ಲವನ್ನೂ ಬುಟ್ಟಿಗೆ ತುಂಬಿ ಬಾವಿಕಟ್ಟೆಗೆ ಒಯ್ದು ಹುಣಸೆಹಣ್ಣು ಹಾಕಿ ತಿಕ್ಕಿದಳು. ತಂದು ಒಳಗಿನ ಹಿತ್ತಾಳೆ ಲೋಟಗಳ ಹಲಗೆಯ ಮೇಲೆಯೇ ಬೋರಲು ಹಾಕಿದಳು. ಸ್ವಾಮಿ ಬಾಯಿ ತೆರೆದ. "ಬೈಯೋದಾದ್ರೆ ನಾಳೆಯಿಂದ ದೋಸೆ ನೀವೇ ಹೊಯ್ಯಿರಿ" ಅಂದು ಅವಳು ಒಲೆಯ ಮುಂದೆ ಹೋಗಿ ಕೂತಳು.

ಚಿಕ್ಕಹನುಮಂತಪ್ಪ ಮೆಟ್ಟಿಲು ಹತ್ತಿದ. ಒಳಗೆ ಹೋಗಿ ಬೆಂಚಿನಲ್ಲಿ ಕೂತ. ಕೆಲವರು ದಡಕ್ಕನೆ ಎದ್ದು ಹೋದರು, ಕೆಲವರು ತಟ್ಟೆ ನೋಡುತ್ತ ಉಳಿದರು. ಸ್ವಾಮಿ ದೋಸೆಯ ತಟ್ಟೆ ತಂದು, ಬಹಳ ಹೊತ್ತು ಹಿಡಿದುಕೊಂಡೇ ನಿಂತು, ಕೊನೆಗೆ ಮೇಜಿನ ಮೇಲೆ ಇಟ್ಟ. ಚಿಕ್ಕಹನುಮಂತಪ್ಪ ಒಂದು ತುಂಡು ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟ. ಬಿಸಿ ದೋಸೆ ಎಂಥದ್ದು ಅಂತ ಅವತ್ತು ಗೊತ್ತಾಯಿತು, ಅಂಗಳಕ್ಕೆ ಬೀಳುವಷ್ಟರಲ್ಲಿ ಅದು ಯಾವಾಗಲೂ ಆರಿರುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಇಡೀ ಹೋಟೆಲು ಅವನನ್ನೇ ನೋಡುತ್ತಿತ್ತು. ಚೆನ್ನಾಗಿದೆ ಅಂತ ಒಂದು ಮಾತು ಅಂದಿದ್ದರೆ ಎಲ್ಲರ ಜೀವಕ್ಕೂ ಸಮಾಧಾನ ಆಗುತ್ತಿತ್ತು, ಬಾಗಿಲಲ್ಲಿ ನಿಂತಿದ್ದ ಬಡೇಸಾಬನೂ ಹಾಗೆನ್ನು ಅಂತ ಕಣ್ಣಲ್ಲೇ ಬೇಡುತ್ತಿದ್ದ.

"ಅಮ್ಮಾರೆ" ಅಂದ ಚಿಕ್ಕಹನುಮಂತಪ್ಪ ಒಲೆಯ ಕಡೆಗೆ ತಿರುಗಿ. "ಚಟ್ನಿಗೆ ಉಪ್ಪು ಕಮ್ಮಿ ಆಗೈತೆ."

ಒಳಗೆ ಕರಿಬಸಮ್ಮ ಬೆರಳಲ್ಲಿ ಚಟ್ನಿ ನೆಕ್ಕಿ ನೋಡಿದಳು.

"ಹೌದು, ಕಮ್ಮಿ ಐತೆ" ಅಂದಳು. "ಉಪ್ಪಿನ ಬಟ್ಟಲು ಕೊಡ್ರೀ ಅವರಿಗೆ."

ಸ್ವಾಮಿ ಬಟ್ಟಲು ತಂದು ಅವನ ಮುಂದೆ ಇಟ್ಟ. ಚಿಕ್ಕಹನುಮಂತಪ್ಪ ಒಂದು ಚಿಟಿಕೆ ಹಾಕಿಕೊಂಡು, ಕಲೆಸಿಕೊಂಡು, ದೋಸೆಯನ್ನು ಪೂರ್ತಿ ತಿಂದ. ಕಾಫಿ ಕುಡಿದ. ಲೋಟವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಮೂಟೆ ಹೊರಲು ಮಂಡಿಗೆ ಹೋದ.