ಮನೆ ನೋಡಲು ಬಂದವರ ಎದುರು

ಸಿರಾದ ರುದ್ರಯ್ಯ ಮನೆ ಮಾರುತ್ತಾನೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆ ಆ ಮನೆಯಲ್ಲೇ ಇದ್ದ ಕರಿಬಸಮ್ಮನಿಗೆ ಗೊತ್ತಾಯಿತು, ಅದೂ ಬಾವಿಕಟ್ಟೆಯಲ್ಲಿ, ಕಂಡವರ ಬಾಯಿಂದ. ಕೊಟ್ಟಿಗೆಯ ಎಮ್ಮೆಯನ್ನು ಮಾರುವ ಹಿಂದಿನ ದಿನ ರುದ್ರಯ್ಯ ಅದರ ಮೈದಡವಿ ನಾಲ್ಕು ಮಾತಾಡಿದ್ದ. ಅತ್ತಿಗೆಗೆ ಅಷ್ಟೂ ಇಲ್ಲ.

ಕರಿಬಸಮ್ಮ ರುದ್ರಯ್ಯನ ಅಣ್ಣ ಮರುಳಸಿದ್ದಯ್ಯನ ಹೆಂಡತಿ. ಆ ಮನೆ ಕಟ್ಟಿಸಿದವನು ಅವನೇ. ಗೋಡೆಗೆ ಮಣ್ಣು ತುಳಿಯುವಾಗ ಆಳುಗಳ ಜೊತೆ ಹೊಸ ಸೊಸೆ ಕರಿಬಸಮ್ಮನೂ ಸೆರಗು ಕಟ್ಟಿ ನಿಂತಿದ್ದಳು. ಗೃಹಪ್ರವೇಶವಾದ ಮರುವರ್ಷವೇ ಪ್ಲೇಗು ಬಂದು ಗಂಡ ಹೋದ. ಮಕ್ಕಳಿರಲಿಲ್ಲ. ತವರು ಪಾವಗಡದಾಚೆಯ ಹೊಸಕೋಟೆ. ಅಲ್ಲಿಯೂ ಯಾರೂ ಉಳಿಯಲಿಲ್ಲ. ಹೆಂಗಸಿಗೆ ಮನೆಯಲ್ಲಿ ಪಾಲು ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷ ಅವಳು ತನ್ನ ಮನೆಯಲ್ಲೇ ಬೀಸಿ, ಗುಡಿಸಿ, ಸಾರಿಸಿ, ಉಳಿದ ಮುದ್ದೆ ಉಂಡುಕೊಂಡು ಬದುಕಿದಳು.

ಕೊನೆಗೂ ರುದ್ರಯ್ಯ ಬಾಯಿ ಬಿಟ್ಟ. "ತುಮಕೂರಲ್ಲಿ ಭಾಮೈದನ ಜೊತೆ ಬಟ್ಟೆ ಅಂಗಡಿ ಇಕ್ತೀನಿ ಅತ್ತಿಗೆಮ್ಮ. ಅಲ್ಲಿ ಸಿಕ್ಕಿರೋದು ಸಣ್ಣ ಮನೆ. ನಿಮ್ಮನ್ನ ಸಿದ್ದರಬೆಟ್ಟದ ಕಡೆ ಒಂದು ಮಠಕ್ಕೆ ಸೇರಿಸ್ಬುಡ್ತೀನಿ. ದಾಸೋಹಕ್ಕೆ ರಾಗಿ ಬೀಸೋರು ಬೇಕಂತೆ. ದೇವರ ಸೇವೇನೂ ಆಯ್ತು, ಹೊಟ್ಟೆಗೂ ಆಯ್ತು."

ದೇವರ ಸೇವೆ ಎಂದರೆ ಬೀಸೋ ಕಲ್ಲು ಎಂದು ಅವಳಿಗೆ ಅರ್ಥವಾಯಿತು. ಮನೆ ಮಾರಾಟವಾಗುವ ತನಕ ಅವಳು ಇಲ್ಲಿ, ಆದ ಮಾರನೆಯ ದಿನ ಗುರುತು ಪರಿಚಯ ಇಲ್ಲದವರ ನಡುವೆ ಅಲ್ಲಿ.

ಕೊಳ್ಳುವವರ ಕಣ್ಣಿಗೆ ಮನೆ ಚೆನ್ನಾಗಿ ಕಾಣಬೇಕಲ್ಲ, ಆ ಕೆಲಸವೂ ಅವಳ ತಲೆಗೇ ಬಿತ್ತು. ಕೆರೆ ಹಿಂದಿನಿಂದ ಕೆಮ್ಮಣ್ಣು ಹೊತ್ತು ತಂದು ನೆಲ ಸಾರಿಸಿದಳು. ಸುಣ್ಣ ನೆನೆಸಿ, ಸೋಸಿ, ಗೋಡೆಗೆ ಮೂರು ಸಲ ಬಳಿದಳು. ಒಲೆಗೋಡೆಯ ಮಸಿ ಕೆರೆದಳು. ಕಂಬಗಳಿಗೆ ಹೊಂಗೆ ಎಣ್ಣೆ ತಿಕ್ಕಿದಳು. ಮಾಳಿಗೆ ಸೋರುವ ಕಡೆ ಚೌಳುಮಣ್ಣು ಬಡಿದಳು. ಪೂಜೆ ಮುಗಿಸಿ ಕೈಯಲ್ಲುಳಿದ ವಿಭೂತಿಯನ್ನು ಗೋಡೆಗೆ ಒರೆಸುವುದು ಗಂಡನ ಅಭ್ಯಾಸವಾಗಿತ್ತು. ಆ ಮೂರು ಬೆರಳಿನ ಗೆರೆಗಳನ್ನು ಅವಳು ಪ್ರತಿ ಯುಗಾದಿಗೂ ಸುಣ್ಣ ತಗಲದಂತೆ ಉಳಿಸುತ್ತ ಬಂದಿದ್ದಳು. ರುದ್ರಯ್ಯನ ಹೆಂಡತಿ ಇಂದ್ರಮ್ಮ, "ಅದ್ಯಾಕಕ್ಕಾ ಆ ಕೊಳೆ ಬುಟ್ಟಿದ್ದೀರಿ, ಬಳೀರಿ" ಎಂದಳು. ಬಳಿದಳು. ಬೇಡದ ಕೆಲಸವಾದರೂ ಕೈಗೆ ಕಳ್ಳತನ ಬರಲಿಲ್ಲ, ಅದೇ ಅವಳ ಕರ್ಮ.

ಮೊದಲು ಬಂದವನು ಮಧುಗಿರಿಯ ಬೆಲ್ಲದ ವ್ಯಾಪಾರಿ ಗಂಗಹನುಮಯ್ಯ, ಹೆಂಡತಿಯ ಸಮೇತ.

"ಮುತ್ತೈದೆ ಬತ್ತಾವ್ರೆ ಅಕ್ಕಾ. ಅವರು ಹೋಗೋಗಂಟ ನೀವು ಹುಲ್ಲಿನ ಕೊಟ್ಟಿಗೇಲಿ ಇದ್ಬುಡಿ," ಎಂದಳು ಇಂದ್ರಮ್ಮ.

ಹೊಸದೇನಲ್ಲ. ಮದುವೆ, ಪ್ರಸ್ತ, ಪ್ರಯಾಣ, ಎಲ್ಲಕ್ಕೂ ಅವಳ ಜಾಗ ಹುಲ್ಲಿನ ಕೊಟ್ಟಿಗೆಯೇ. ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಗಂಗಹನುಮಯ್ಯ ಕಂಬ ತಟ್ಟಿದ, ತೊಲೆ ಎಣಿಸಿದ, ಬಾವಿಯ ನೀರು ಬಾಯಿಗೆ ಹಾಕಿ ನೋಡಿದ. ಸೂರಿನಲ್ಲಿ ಗುಬ್ಬಚ್ಚಿ ಗೂಡು ಕಂಡು ತಲೆದೂಗಿದ. ಅವನ ಹೆಂಡತಿ ಬಗ್ಗಿ ನೆಲ ಸವರಿ, "ಏನ್ ನುಣುಪಾಗೈತೆ! ಯಾರ ಕೈಯಮ್ಮ ಇದು?" ಎಂದಳು.

"ನಂದೇ," ಎಂದಳು ಇಂದ್ರಮ್ಮ, ನಾಚಿಕೊಂಡು.

ಸೋಮವಾರ ಬಂದು ವೀಳ್ಯ ಕೊಡುತ್ತೇವೆ ಎಂದು ಹೇಳಿ ಅವರು ಹೋದರು. ಆ ನಾಲ್ಕು ದಿನವೂ ನೆಲ ಗುಡಿಸುವಾಗೆಲ್ಲ ಕರಿಬಸಮ್ಮ ಅದನ್ನೇ ನೆನೆದಳು. ಮನೆ ಹೋದರೆ ಹೋಗಲಿ, ಆ ನೆಲವನ್ನೂ ಇವಳು ತನ್ನದೆಂದಳಲ್ಲ!

ಸೋಮವಾರ ಮತ್ತೆ ಕೊಟ್ಟಿಗೆಗೆ ಕಳಿಸಿದರು. ಎತ್ತಿನ ಗಂಟೆ ಕೇಳಿದ್ದೇ ತಡ, ಅವಳು ಹಿತ್ತಲಲ್ಲಿದ್ದ ಬರಿ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು, ಓಣಿ ಬಳಸಿ ಬೀದಿಗೆ ಬಂದು, ಗಾಡಿಯ ಮುಂದೆ ನೆಟ್ಟಗೆ ನಿಂತಳು. ಬರಿ ಹಣೆ, ಬರಿಗೈ, ಬರಿ ಬಿಂದಿಗೆ.

"ಥೂ! ಇದ್ಯಾವ ಶನಿ ಎದುರಾಯ್ತಲ್ಲೋ! ತಿರುಗ್ಸೋ ಗಾಡೀನ," ಎಂದ ಗಂಗಹನುಮಯ್ಯ. ವೀಳ್ಯದ ತಟ್ಟೆ ಹಿಡಿದಿದ್ದ ಅವನ ಹೆಂಡತಿ ಮುಖ ಮುಚ್ಚಿಕೊಂಡಳು. ಯಾರೂ ಕೆಳಗೆ ಕಾಲಿಡಲಿಲ್ಲ.

ಇಷ್ಟು ವರ್ಷ ಈ ಮಾತಿಗೆ ಹೆದರಿ ಅಡಗಿದವಳು ಅಂದು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಊರೆಲ್ಲ ಹೆದರುವ ವಸ್ತು ಒಂದು ತನ್ನ ಹತ್ತಿರವಿದೆ ಎಂದು ತಡವಾಗಿ ತಿಳಿಯಿತು. ರುದ್ರಯ್ಯ "ಮನೆಹಾಳಿ" ಎಂದು ಕೂಗಾಡಿದ, ಎರಡು ದಿನ ಅನ್ನ ಹಾಕಿಸಲಿಲ್ಲ. ಅವಳಿಗೇನೂ ಅನಿಸಲಿಲ್ಲ. ಮುಂದಿನ ತಿಂಗಳು ಕೊರಟಗೆರೆಯವರು ಬಂದರು. ಅವರೂ ಅವಳನ್ನು ಕಂಡು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು. ಆಮೇಲೆ ರುದ್ರಯ್ಯ, ಯಾರಾದರೂ ಬರುವ ದಿನ ಕೊಟ್ಟಿಗೆಗೆ ಹೊರಗಿನಿಂದ ಚಿಲಕ ಹಾಕತೊಡಗಿದ.

ಬಾಷಾ ಸಾಬ್ ಮಾತ್ರ ಹೇಳಿಕಳಿಸದೆ ಬಂದ. ಕಂಬಳಿ ವ್ಯಾಪಾರದವನು, ಗಡ್ಡ ನರೆತವನು. ಹೆಂಡತಿ ಶಹರ್ಬಾನು ಪರದೆ ಕಟ್ಟಿದ ಗಾಡಿಯಲ್ಲಿದ್ದಳು. ಹಾಗಾಗಿ ಅಂದು ಚಿಲಕ ಹಾಕಲು ಯಾರಿಗೂ ಹೊತ್ತು ಸಿಗಲಿಲ್ಲ. ಕರಿಬಸಮ್ಮ ಬಿಂದಿಗೆ ಎತ್ತಿಕೊಂಡು ಹೋಗಿ ಎದುರು ನಿಂತಳು. ಉಗಿಯಲಿ ಎಂದು ಕಾದಳು.

ಬಾಷಾ ಸಾಬ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ನೀರಿಗೆ ಹೊಂಟ್ರಾ ಅಮ್ಮಾ? ಹೋಗ್ಬನ್ನಿ. ಬರೋವಾಗ ನಮ್ಮ ಮನೆಯವರಿಗೆ ಒಂದೀಟು ಕುಡಿಯೋಕೆ ಕೊಡ್ತೀರಾ? ಬಿಸಿಲಲ್ಲಿ ಬಂದವ್ರೆ."

ನೀರು ಕೇಳಿದವರಿಗೆ ಇಲ್ಲ ಎನ್ನುವುದು ಅವಳ ಜಾಯಮಾನದಲ್ಲಿ ಇರಲಿಲ್ಲ. ಬಾವಿಗೆ ಹೋಗಿ ಸೇದಿ ತಂದು, ಶಹರ್ಬಾನುವಿನ ಬೊಗಸೆಗೆ ಹುಯ್ದಳು. ಕುಡಿದು ಒಳಗೆ ಬಂದ ಶಹರ್ಬಾನು ಪಡಸಾಲೆಯ ಗೋಡೆ ಮುಟ್ಟಿ, ನೆಲ ನೋಡಿ, "ಎಷ್ಟು ಸಾಫಾಗಿದೆ! ಯಾರು ಸಾರ್ಸಿದ್ದು?" ಎಂದಳು.

ಇಂದ್ರಮ್ಮ ಬಾಯಿ ತೆರೆಯುವಷ್ಟರಲ್ಲಿ ಕರಿಬಸಮ್ಮ ಅಂದುಬಿಟ್ಟಳು: "ನಾನು ಕಣಮ್ಮ. ಗೋಡೆಗೆ ಮಣ್ಣು ತುಳಿದೋಳೂ ನಾನೇಯ."

ಶಹರ್ಬಾನು ಅವಳ ಒರಟು ಕೈ ಹಿಡಿದುಕೊಂಡಳು. ಮುತ್ತೈದೆಯೊಬ್ಬಳು ಆ ಕೈ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. "ಇದು ಬರ್ಕತ್ತಿನ ಕೈ," ಎಂದು ಗಂಡನತ್ತ ತಿರುಗಿದಳು. "ಬೇರೆ ಮನೆ ನೋಡೋದು ಬ್ಯಾಡ. ಇಂಥಾ ಕೈಯಾಡಿದ ಮನೆ ಎಲ್ಲಿ ಸಿಗುತ್ತೆ? ಇದನ್ನೇ ತಗೊಳ್ಳಿ."

ಬಾಷಾ ಸಾಬ್ ಹೂಂ ಎಂದ. ಮಾತು ಅಲ್ಲೇ ಮುಗಿಯಿತು. ಈ ವಿಧವೆ ಯಾರು, ಮನೆ ಮಾರಿದ ಮೇಲೆ ಎಲ್ಲಿಗೆ ಹೋಗುತ್ತಾಳೆ ಎಂದು ಅವರು ಕೇಳಲಿಲ್ಲ. ಮನೆಯವಳು, ಮನೆಯವರ ಜೊತೆ ಹೋಗುತ್ತಾಳೆ ಎಂದುಕೊಂಡಿರಬೇಕು. ರುದ್ರಯ್ಯ ಹೇಳಲೂ ಇಲ್ಲ.

ಎಂಟು ದಿನಕ್ಕೆ ಸಿದ್ದರಬೆಟ್ಟದ ಕಡೆಗೆ ಗಾಡಿ ಹೊರಟಿತು. ರುದ್ರಯ್ಯನಿಗೆ, ಇಂದ್ರಮ್ಮನಿಗೆ, ಗಂಗಹನುಮಯ್ಯನಿಗೆ, ಊರಿಗೆ, ದಾರಿಯುದ್ದಕ್ಕೂ ಕರಿಬಸಮ್ಮ ಬಾಯಿ ತುಂಬ ಶಾಪ ಹಾಕಿದಳು. ಮನೆ ತೆಗೆದುಕೊಂಡವರಿಗೂ ಹಾಕಬೇಕೆಂದು ಎರಡು ಸಲ ಬಾಯಿ ತೆರೆದಳು. ಆಗಲಿಲ್ಲ. ಅವಳನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟವನು, ಅವಳ ಕೈ ಹಿಡಿದವಳು, ಆ ಸೀಮೆಯಲ್ಲಿ ಅವರಿಬ್ಬರೇ. ಅದಕ್ಕೇ ಅವಳು ಬಿಕ್ಕಿ ಬಿಕ್ಕಿ ಅತ್ತಳು.