ಸದ್ದು ನಿಂತ ಹಸಿರು ಬಳೆ

ಇದಕ್ಕೆ ಏನು ಬೆಲೆ ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ತೊಟ್ಟ ಹಸಿರು ಬಳೆಗಳಲ್ಲಿ ಬಲಗೈಯವು ಅಷ್ಟೂ ಹೋದವು. ಮದುವೆ ಸೀಸನ್ನಿನ ವ್ಯಾಪಾರ ಹೋಯಿತು. ಅತ್ತೆ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಮೊದಲಿನ ಎರಡನ್ನು ನಾನು ಮತ್ತೆ ಗಳಿಸಬಲ್ಲೆ, ಮೂರನೆಯದರಲ್ಲಿ ಮಾತ್ರ ನನ್ನ ಚೌಕಾಶಿ ನಡೆಯಲಿಲ್ಲ. ಇಷ್ಟು ಕೊಟ್ಟು ಪಡೆದದ್ದೇನೆಂದರೆ, ಇದನ್ನು ಬರೆಯುತ್ತಿರುವಾಗ ಹೊಟ್ಟೆಯೊಳಗಿನ ಕೂಸು ಪಕ್ಕೆಗೆ ಒದೆಯುತ್ತಿದೆ. ಹೆರಿಗೆ ಇನ್ನೂ ಆಗಿಲ್ಲ. ವ್ಯವಹಾರ ಮುಗಿಯುವ ಮೊದಲು ಲಾಭದ ಮಾತು ಆಡುವವಳಲ್ಲ ನಾನು.

ರಾಣೇಬೆನ್ನೂರಿನಲ್ಲಿ ನನ್ನದು ಸೀರೆ ಮತ್ತು ಕುಪ್ಪಸದ ಖಣಗಳ ಸಣ್ಣ ಅಂಗಡಿ. ಮದುವೆಯಾಗಿ ಬಂದ ಹೊಸದರಲ್ಲಿ ಪಡಸಾಲೆಯ ಟ್ರಂಕಿನ ಮೇಲೆ ಹರವಿ ಮಾರುತ್ತಿದ್ದೆ. ಈಗ ರಸ್ತೆಗೆ ಬಾಗಿಲಿರುವ ಕೋಣೆಯೂ ಗಾಜಿನ ಕಪಾಟೂ ಇವೆ. ಗಂಡ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಮಾವ ತೀರಿಕೊಂಡಾಗ ಅತ್ತೆಗೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು, ಕಂಕುಳಲ್ಲಿ ನನ್ನ ಗಂಡ.

ವ್ಯಾಪಾರವನ್ನು ನಾನು ಕಲಿತದ್ದು ಹುಟ್ಟೂರು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನಮ್ಮ ಓಣಿಯಲ್ಲಿ ಜಗಳಾಡುವವರೂ ನಡುನಡುವೆ ನಿಂತು ಸೀನುತ್ತಿದ್ದರು. ನಮ್ಮ ಮನೆಗೆ ಗೋಡೆ ಹತ್ತಿದ ಮನೆ ಬಳೆ ಮಾರುವವರದು. ಒಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಆ ಮನೆಯ ಮಗಳು ನನ್ನ ಗೆಳತಿ, ಅವಳ ತಾಯಿ ನನಗೆ ಖಾಲಾ, ಚಿಕ್ಕಮ್ಮನ ಹಾಗೆ. ರಜೆಯಲ್ಲಿ ಖಾಲಾ ಬಳೆಬುಟ್ಟಿ ಹೊತ್ತು ಹಳ್ಳಿಗಳಿಗೆ ಹೊರಟರೆ ನಾವಿಬ್ಬರೂ ಅವರ ಬೆನ್ನ ಹಿಂದೆ. ಹೆಂಗಸರು ಕೈ ಚಾಚುವ ಮೊದಲೇ ಅಳತೆ ಹೇಳುವುದು ನಮ್ಮಿಬ್ಬರ ಪಂದ್ಯ. ಖಾಲಾ ಮಣಿಕಟ್ಟನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳಿನ ಬುಡ ಒತ್ತಿ, ಬೆರಳ ಗೆಣ್ಣುಗಳನ್ನು ಮಡಿಸಿ ನೋಡುತ್ತಿದ್ದರು. ತೊಡಿಸಿದ ಮೇಲೆ ಆ ಕೈಯನ್ನು ಒಮ್ಮೆ ಅಲ್ಲಾಡಿಸಿ ಸದ್ದು ಕೇಳಿಯೇ ಬಿಡುವರು. ದರದ ಮಾತು ನನ್ನ ಪಾಲಿಗೆ, ಏಕೆಂದರೆ ಗೆಳತಿಗೆ ನಾಚಿಕೆ ಇತ್ತು, ನನಗೆ ಇರಲಿಲ್ಲ. “ಈಕಿ ಬಾಯಿ ಮ್ಯಾಲೇ ಬದುಕ್ತಾಳ ನೋಡ” ಎಂದು ಖಾಲಾ ನಗುತ್ತಿದ್ದರು.

ಮೋಟೆಬೆನ್ನೂರಿನಲ್ಲಿ ಒಬ್ಬ ಬಸುರಿ ಅಕ್ಕ ಇದ್ದಳು. ಅವಳ ಕುಬಸಕ್ಕೆ ಬಳೆ ಇಟ್ಟವರು ಖಾಲಾ. ಆ ದಿನ ಅಕ್ಕ ನಮಗಿಬ್ಬರಿಗೂ ಬೊಗಸೆ ತುಂಬ ಹುರಿದ ಶೇಂಗಾ ಕೊಟ್ಟಿದ್ದಳು. ಮುಂದಿನ ಸಲ ಹೋದಾಗ ಅವಳ ಮುಖ ಊದಿತ್ತು, ಬಳೆಗಳು ಕೈಯನ್ನು ಕಚ್ಚಿ ಹಿಡಿದಿದ್ದವು. ಇವನ್ನು ತೆಗೆದು ದೊಡ್ಡವು ಇಡಲೇ ಎಂದು ಖಾಲಾ ಕೇಳಿದರು. ಕುಬಸದ ಬಳೆಯನ್ನು ಹೆರಿಗೆಗೆ ಮೊದಲು ಇಳಿಸಬಾರದೆಂದು ಮನೆಯವರು ಒಪ್ಪಲಿಲ್ಲ. ಅದರ ಮುಂದಿನ ಸಲ ಖಾಲಾ ಆ ಬಾಗಿಲಲ್ಲಿ ಬುಟ್ಟಿಯನ್ನೇ ಇಳಿಸಲಿಲ್ಲ. ನೆರೆಮನೆಯ ಹೆಂಗಸು ಬಂದು ಅವರ ಕಿವಿಯಲ್ಲಿ ಏನೋ ಹೇಳಿದಳು. ಖಾಲಾ ನಮ್ಮ ಕೈ ಹಿಡಿದು ಬಸ್ ನಿಲ್ಲುವ ಜಾಗದವರೆಗೆ ನಡೆಸಿಕೊಂಡು ಬಂದರು. ತಾಯಿಯೂ ಕೂಸೂ ಇಬ್ಬರೂ ಹೋದರೆಂದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ. ಆಮೇಲೂ ನಾವಿಬ್ಬರು ಆ ಮಾತನ್ನು ಎಂದೂ ಎತ್ತಲಿಲ್ಲ.

ನನ್ನ ಕುಬಸ ರಾಣೇಬೆನ್ನೂರಿನ ಮನೆಯಲ್ಲೇ ಆಯಿತು. ಗೆಳತಿಗೆ ಈಗ ಹಾವೇರಿಯಲ್ಲಿ ಸ್ವಂತ ಬಳೆ ಅಂಗಡಿ. ಬೇರೆಯವರ ಕೈಯಿಂದ ತೊಡುವುದಿಲ್ಲವೆಂದು ನಾನು ಹಟ ಹಿಡಿದಿದ್ದರಿಂದ ಅಂಗಡಿ ಮುಚ್ಚಿ ಬಂದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಕರೆದರೂ ಆರತಿ ತಟ್ಟೆಯ ಹತ್ತಿರ ಬರಲಿಲ್ಲ. ಬಳೆಯ ದುಡ್ಡನ್ನು ಮಾತ್ರ ತಾವೇ ಕೊಡುವುದಾಗಿ ಸೆರಗಿನ ಗಂಟು ಬಿಚ್ಚಿದರು. “ಚಲೋ ಗಟ್ಟಿ ಇದ್ದವು ನೋಡಿ ಇಡವಾ” ಎಂದರು, ಅಷ್ಟೇ.

ಕುಬಸವಾಗಿ ಎರಡು ವಾರ ಆಗಿರಬೇಕು. ಮದುಮಗಳ ಕಡೆಯವರು ಜವಳಿಗೆ ಬಂದಿದ್ದರು, ದೊಡ್ಡ ಗಿರಾಕಿ. ಸೀರೆಯ ಮೇಲೆ ಸೀರೆ ಬಿಚ್ಚಿ ಝಾಡಿಸುತ್ತಿದ್ದೆ. ಏನೋ ಕಡಿಮೆ ಅನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಐದಾರು ಸೀರೆ ಆದ ಮೇಲೆ ಹೊಳೆಯಿತು. ಕೈ ಆಡುತ್ತಿದೆ, ಬಳೆ ಸದ್ದು ಮಾಡುತ್ತಿಲ್ಲ. ಹಿಡಿದು ತಿರುಗಿಸಿದರೆ ತಿರುಗಲೂ ಇಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ವ್ಯಾಪಾರ ಮಾಡುವವಳ ತಲೆ ಸರಕಿನಲ್ಲಿ ದೋಷ ಹುಡುಕುತ್ತದೆ, ಮೈಯಲ್ಲಿ ಹುಡುಕುವುದಿಲ್ಲ. ಗೆಳತಿಗೆ ಫೋನ್ ಹಚ್ಚಿದೆ.

“ಏನ, ಗೆಳತಿ ಅಂತ ಸಣ್ಣ ಅಳತೀವು ತಗಲಿಸೀದಿ? ಬದಲಿ ಕೊಡಬೇಕು ನೋಡ. ರೊಕ್ಕಾ ನಮ್ಮತ್ತಿ ಕೊಟ್ಟಾರ.”

ಬೇರೆ ದಿನವಾಗಿದ್ದರೆ ಅವಳೂ ಒಂದು ಬೈಯುತ್ತಿದ್ದಳು. ಅಂದು ಬೈಯಲಿಲ್ಲ.

“ನಿನ್ನ ಅಳತಿ ಎರಡು-ನಾಲ್ಕು. ಬಸುರಿ ಕೈ ಅಂತ ನಾ ಒಂದು ಅಳತಿ ದೊಡ್ಡವು, ಎರಡು-ಆರು ಇಟ್ಟೇನಿ. ಖರೇ ಹೇಳು, ತಲಿ ನೋಯಾಕತ್ತೈತೇನು?”

ಹಿಂದಿನ ದಿನದಿಂದ ನೋಯುತ್ತಿತ್ತು. ಅಂಗಡಿಯ ಗದ್ದಲಕ್ಕೆ ಎಂದುಕೊಂಡಿದ್ದೆ.

“ಮೋಟೆಬೆನ್ನೂರ ಅಕ್ಕನ ಕೈ ನೆನಪೈತಿಲ್ಲೋ? ಅಂಗಡಿ ಮುಚ್ಚು. ಲಗೂ ಹೋಗಿ ಬಿಪಿ ತೋರಿಸು.”

ಗಿರಾಕಿ ಕುಳಿತಿದ್ದಾರೆ, ಸಂಜೆ ಹೋಗುತ್ತೇನೆ ಎಂದೆ. ಅವಳು ಫೋನ್ ಇಟ್ಟು ನೇರ ಅತ್ತೆಗೆ ಹಚ್ಚಿದಳು. ಅತ್ತೆ ಬಂದು ನನ್ನ ಕೈ ನೋಡಿದರು. ಎಲ್ಲ ಬಸುರಿಯರಿಗೂ ಬಾವು ಬರುತ್ತದೆ, ನನಗೂ ಬಂದಿತ್ತು ಎಂದರು. ಸುಳ್ಳು ಹೇಳಿದ್ದಲ್ಲ, ಅವರಿಗೆ ಬಂದಿತ್ತು, ಏನೂ ಆಗಲಿಲ್ಲ. ನನಗೂ ಆ ಮಾತು ಬೇಕಾಗಿತ್ತು, ಮುಂದೆ ಅಷ್ಟು ಸೀರೆ ಹರಡಿದ್ದವು. ಆದರೆ ಮದುಮಗಳ ತಾಯಿ ಬಣ್ಣ ತೋರಿಸಲೆಂದು ಸೆರಗು ಎತ್ತಿ ಹಿಡಿದಾಗ ಅದರ ಅಂಚು ನನಗೆ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡೆ, ಮತ್ತೂ ಎರಡು. ಅಂಗಡಿಯ ಬಾಗಿಲು ಎಳೆದೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದವರು, ಮನೆಗೆ ಹೋಗಬೇಡಿ, ನಿಮ್ಮನ್ನು ನೋಡುವ ಹಾವೇರಿ ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ, ಈಗಲೇ ಹೊರಡಿ ಎಂದರು. ಗಂಡ ಪಾಳಿಯ ಮೇಲಿದ್ದರು, ಫೋನ್ ಸಿಗಲಿಲ್ಲ. ಬಾಡಿಗೆ ಕಾರಿನವನು ದರ ಹೇಳಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ, ಹೋಗಿಬರುವುದಕ್ಕೆ ಸೇರಿಸಿ ಹೇಳಪ್ಪಾ ಎಂದು ಶುರುಮಾಡಿದೆ. ಅತ್ತೆ ನನ್ನ ತೋಳು ಹಿಡಿದು ಒಳಗೆ ತಳ್ಳಿದರು.

ಹೆದ್ದಾರಿಯಲ್ಲಿ ಅವರು ನನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿ ಹಿಡಿದಿದ್ದರು. ಮೋಟೆಬೆನ್ನೂರು ಬಂತು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬೇಕು, ಕೂಸು ಬೆಳಿಗ್ಗೆಯಿಂದ ಆಡಿದೆಯೇ ಎಂದು ನೆನಪು ಮಾಡಿಕೊಳ್ಳಬೇಕು ಎಂದುಕೊಂಡೆ. ನೆನಪಿಗೆ ಬಂದದ್ದು ಸೀರೆಯ ದರಗಳೇ. ಊರು ದಾಟುವವರೆಗೂ ಕಿಟಕಿಯ ಕಡೆ ನೋಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಗೆಳತಿ ಕಾಯುತ್ತಿದ್ದಳು, ಕೈಚೀಲದಲ್ಲಿ ಸಾಬೂನು, ಕೊಬ್ಬರಿ ಎಣ್ಣೆ, ತೆಳುವಾದ ಪ್ಲಾಸ್ಟಿಕ್ ಚೀಲ. ಡಾಕ್ಟರಮ್ಮ ಕೂಸಿನ ಎದೆಬಡಿತ ಕೇಳಿಸಿದರು. ಕೇಳಿದ ಕೂಡಲೇ ನನ್ನ ಚಾಳಿ ಮರಳಿತು. ಒಂದು ಆರ್ಡರ್ ಇದೆ, ಅದೊಂದು ಮುಗಿಸಿ ಬಂದು ಸೇರಲೇ ಎಂದು ಕೇಳಿದೆ.

“ನಿಮ್ಮ ಬಿಪಿ ನನ್ನ ಮಾತ ಕೇಳೂದಿಲ್ಲರಿ, ನಿಮ್ಮದು ಕೇಳತೈತೇನು?” ಎಂದು ಅವರು ನರ್ಸ್ ಕಡೆ ತಿರುಗಿದರು.

ಸಲೈನ್ ಸೂಜಿ ಹಾಕುವ ಮೊದಲು ಬಳೆ ತೆಗೆಯಬೇಕಿತ್ತು, ಬೆರಳ ತುದಿಗಳು ಆಗಲೇ ಜೋಮು ಹಿಡಿದಿದ್ದವು. ಗೆಳತಿ ಎಡಗೈಗೆ ಪ್ಲಾಸ್ಟಿಕ್ ಸುತ್ತಿ, ಎಣ್ಣೆ ಹಚ್ಚಿ, ಒಂದೊಂದಾಗಿ ಜಾರಿಸಿದಳು. ಎಲ್ಲವೂ ಉಳಿದವು. ಬಲಗೈಯವು ಗೆಣ್ಣಿನ ತನಕವೂ ಬರಲಿಲ್ಲ. ಒಡೆಯಬೇಕು ಎಂದಳು ನರ್ಸ್. ಅತ್ತೆ ಮಂಚದ ಅಡ್ಡ ಬಂದು ನಿಂತರು.

“ಕೈಯಾಗಿನ ಬಳಿ ಒಡಿಯೂದಂದ್ರ ಏನಂತ ನಿಮಗ್ಯಾರಿಗೂ ಗೊತ್ತಿಲ್ಲ. ನನಗ ಗೊತ್ತೈತಿ. ನನ್ನ ಮಗ ಇನ್ನಾ ಪಾಳಿ ಮ್ಯಾಲೆ ಅದಾನ.”

ಗೆಳತಿ ನನ್ನ ಕೈ ಹಿಡಿದೇ ಇದ್ದಳು. ತೊಡಿಸಿದ ಕೈಯಿಂದ ಒಡೆ ಎಂದು ಅವಳಿಗೆ ಹೇಗೆ ಹೇಳಲಿ? ಟವೆಲ್ ಸುತ್ತು ಎಂದು ಗೆಳತಿಗೆ ಹೇಳಿದೆ. ಸುತ್ತಿದಳು. ಮಂಚದ ಕಬ್ಬಿಣದ ಪಟ್ಟಿಗೆ ನಾನೇ ಕೈ ಬಡಿದೆ. ಅತ್ತೆ ತಿರುಗಿ ನೋಡದೆ ಹೊರಗೆ ಹೋದರು. ಗಂಡ ಬಂದು ತಲುಪಿದಾಗ, ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅತ್ತೆ ಅವರ ಮೈದಡವಿ ಮೈದಡವಿ ನೋಡಿದರಂತೆ.

ಕೆಲವು ದಿನ ಅಲ್ಲೇ ಇರಿಸಿಕೊಂಡರು. ಈಗ ಗುಳಿಗೆ ಮೇಲೆ ಬಿಟ್ಟಿದ್ದಾರೆ, ಆಸ್ಪತ್ರೆಯಿಂದ ದೂರ ಹೋಗಬಾರದೆಂಬ ಕರಾರಿನ ಮೇಲೆ. ಹಾಗಾಗಿ ತವರಿನ ಬಾಣಂತನಕ್ಕೆ ಬ್ಯಾಡಗಿಗೂ ಹೋಗಲಿಲ್ಲ, ರಾಣೇಬೆನ್ನೂರಿಗೂ ಇಲ್ಲ, ಗೆಳತಿಯ ಮನೆಯ ಮಹಡಿಯಲ್ಲಿದ್ದೇನೆ. ಕೆಳಗೆ ಅವಳ ಅತ್ತೆ ನನಗೆಂದು ಉಪ್ಪು ಕಡಿಮೆ ಹಾಕಿ ಬೇರೆ ಪಲ್ಯ ಮಾಡುತ್ತಾರೆ.

ಒಂದು ವಾರ ಮಾತು ಬಿಟ್ಟಿದ್ದ ನನ್ನ ಅತ್ತೆ ಮೊನ್ನೆ ಬಂದರು. ಕುಳಿತರು, ನೀರು ಕುಡಿದರು. ಆಮೇಲೆ ನನ್ನ ಬಲಗೈ ಎಳೆದುಕೊಂಡು, ಗಾಜು ತಗುಲಿದ ಗೀರನ್ನು ನೋಡಿ, ಸೆರಗಿನಿಂದ ಹಸಿರು ದಾರ ತೆಗೆದು ಕಟ್ಟಿದರು. ಗಂಟು ಹಾಕುವ ಮೊದಲು ತಮ್ಮ ಬೆರಳನ್ನು ಒಳಗೆ ತೂರಿಸಿ ನೋಡಿದರು.

“ದಿನಾ ಮುಂಜಾನೆ ಬೆರಳು ಹಾಕಿ ನೋಡು. ಹೋಗಲಿಲ್ಲಂದ್ರ ನನಗ ಕೇಳಾಕ ಹೋಗಬ್ಯಾಡ, ದವಾಖಾನಿಗೆ ಹೋಗು” ಎಂದರು.

ಇಂದು ಬೆಳಿಗ್ಗೆ ಬೆರಳು ಹೋಯಿತು, ಸ್ವಲ್ಪ ಬಿಗಿಯಾಗಿ. ಸಂಜೆ ತೋರಿಸಲು ಹೋಗುತ್ತೇನೆ.

ನೀವು ಬಸುರಿಯಾಗಿದ್ದರೆ, ಅಥವಾ ಮನೆಯಲ್ಲಿ ಬಸುರಿ ಇದ್ದರೆ, ಕುಬಸದ ಬಳೆಯನ್ನು ಒಂದು ಅಳತೆ ದೊಡ್ಡದೇ ಕೊಳ್ಳಿ, ಅಂಗಡಿಯವರು ಬೇಡವೆಂದರೂ ಸರಿ. ದಿನ ಬೆಳಗಾದರೆ ಕೈ ಅಲ್ಲಾಡಿಸಿ ಸದ್ದು ಕೇಳಿ. ಸಂಜೆ ಪಾದ ಊದುವುದು ಬಹಳ ಮಂದಿಗೆ ಇದ್ದದ್ದೇ. ಕೈಯೋ ಮುಖವೋ ಏಕಾಏಕಿ ಊದಿದರೆ, ತಲೆನೋವು ಹಿಡಿದು ಬಿಡದಿದ್ದರೆ, ಕಣ್ಣು ಮಂಜಾದರೆ, ಕೂಸಿನ ಆಟ ಕಡಿಮೆಯಾದರೆ ಯಾರ ಅನುಭವವನ್ನೂ ಕೇಳುತ್ತ ಕೂರಬೇಡಿ, ಆ ಹೊತ್ತಿಗೇ ಹೋಗಿ ಬಿಪಿ ತೋರಿಸಿ. ಬಳೆ ತೆಗೆಯಬೇಕಾದರೆ ಪ್ಲಾಸ್ಟಿಕ್ ಚೀಲ, ಎಣ್ಣೆ. ಅದಕ್ಕೂ ಬಾರದಿದ್ದರೆ ಟವೆಲ್ ಸುತ್ತದೆ ಬಡಿಯಬೇಡಿ. ಬಾಡಿಗೆ ಕಾರಿನವನ ನಂಬರನ್ನು ಈಗಲೇ ಫೋನಿನಲ್ಲಿ ಇಟ್ಟುಕೊಳ್ಳಿ, ದರವನ್ನೂ ಈಗಲೇ ಮಾತಾಡಿ ಮುಗಿಸಿ. ಆ ದಿನ ಅದಕ್ಕೆ ಹೊತ್ತಿರುವುದಿಲ್ಲ.