ಬೆಂಡಿನ ದೋಣಿಗೆ ಸಿಕ್ಕ ಬೈಗುಳ

ಸಾಗರದ ತಿಮ್ಮಣ್ಣ ಗುಡಿಗಾರರು ಬೆಂಡಿನಲ್ಲಿ ಮದುವೆಯ ಬಾಸಿಂಗ ಮಾಡುವವರು. ಎಂಬತ್ತೆರಡನೇ ಇಸವಿಯಲ್ಲಿ ಸಿನಿಮಾದವರು ಬೆಂಕಿಯ ದೃಶ್ಯಕ್ಕೆಂದು ಅವರಿಂದ ಬೆಂಡಿನಲ್ಲೇ ಮೊಳದುದ್ದದ ದೋಣಿ ಮಾಡಿಸಿಕೊಂಡು, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಪೋಸ್ಟರಿನಲ್ಲಿ ಮಾತ್ರ "ನಿಜವಾದ ದೋಣಿಗೇ ಬೆಂಕಿ!" ಎಂದು ಅಚ್ಚಾಗಿತ್ತು.

ಟಾಕೀಸಿನಲ್ಲಿ ತಿಮ್ಮಣ್ಣನವರ ಮುಂದೆಯೇ ಹೊನ್ನೆಮರಡಿನ ಹಿನ್ನೀರಿನಲ್ಲಿ ದೋಣಿ ನಡೆಸುವ ವಾಸಪ್ಪ ಕೂತಿದ್ದ. ಇದು ಬೆಂಡೆಂದು ಅವನಿಗೆ ಗೊತ್ತಾದರೆ ತಮ್ಮ ಕೆಲಸ ಸೋತಂತೆ ಎಂದು ತಿಮ್ಮಣ್ಣ ಬೆವರಿದರು. ಪರದೆಯ ಮೇಲೆ ದೋಣಿ ಧಗಧಗ ಉರಿಯಿತು.

"ಥೂ, ಇವರ ಮನೆ ಹಾಳಾಗ! ಎಂಥಾ ಗಟ್ಟಿ ದೋಣಿ ಸುಟ್ಟುಬಿಟ್ರಲ್ಲೋ!" ವಾಸಪ್ಪ ಎದ್ದು ನಿಂತು ಕೂಗಿದ.

"ನೀವೇ ಮಾಡಿದ್ದು ಅಂತ ಈಗಾದ್ರೂ ಹೇಳಿ" ಎಂದು ಪಕ್ಕದಲ್ಲಿದ್ದ ಹೆಂಡತಿ ವಿಶಾಲಮ್ಮ ಮೆಲ್ಲಗೆ ತಿವಿದರು.

"ಸುಮ್ನಿರೇ, ಇನ್ನೂ ಸ್ವಲ್ಪ ಬೈಲಿ" ಎಂದ ತಿಮ್ಮಣ್ಣ, ಹಾರ ಹಾಕಿಸಿಕೊಂಡವರ ಹಾಗೆ ನೆಟ್ಟಗೆ ಕೂತರು.